ನೀಲಿ ಹೂವಿನ ಕಲೆ

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಮೇಜು ಹಾಕಿಕೊಂಡು ಗಂಡಹೆಂಡತಿ ಇದ್ದರು. ಹೆಂಡತಿಯನ್ನು ಎಲ್ಲರೂ ಗಂಜಿಯಕ್ಕ ಅಂತಲೇ ಕರೆಯೋದು. ಅವಳು ಗಂಜಿ ಹಾಕಿದ ಅಂಗಿ, ತೊಡೋ ಗಂಡಸಿಗಿಂತ ಮೊದಲೇ ಎದ್ದು ನಿಲ್ಲುತ್ತಿತ್ತು. ಇಸ್ತ್ರಿ ಗಂಡನ ಕೆಲಸ. ನನ್ನ ಕೋಣೆ ಪಕ್ಕದ್ದೇ. ಅವರು ಪಿಸುಗುಟ್ಟಿದರೂ ನನಗೆ ಕೇಳುತ್ತಿತ್ತು.

ಒಂದು ಕಾಯಿಲೆ ಬಂದು ಹೋದ ಮೇಲೆ ಅವನ ಬೆರಳಿಗೆ ಬಿಸಿ ತಿಳಿಯದ ಹಾಗಾಯಿತು. ಒಂದು ಅಂಗಿ ಸುಟ್ಟಿತು, ಆಮೇಲೆ ಒಂದು ಪರದೆ. ಮೆಟ್ಟಿಲ ಕೆಳಗಿನ ಆ ಜಾಗ ಕೊಟ್ಟಿದ್ದವರು ಮೂರನೇ ಮಹಡಿಯಲ್ಲಿದ್ದ, ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ಅಮ್ಮ. "ಇನ್ನೊಂದು ಸುಟ್ಟರೆ ಮೇಜು ಎತ್ತಿಕೊಂಡು ಹೊರಡಿ" ಅಂದುಬಿಟ್ಟಿದ್ದರು. ಹಣೆಬರಹ ನೋಡಿ, ಮೂರನೆಯದಾಗಿ ಸುಟ್ಟಿದ್ದು ಅವರದೇ ಶಾಲು. ಕೆನೆಬಣ್ಣದ ಹತ್ತಿ ಶಾಲು, ಮೈತುಂಬ ಸಣ್ಣ ಸಣ್ಣ ನೀಲಿ ಹೂವು. ಅಂಚಿನ ಹತ್ತಿರ ಬೆರಳಗಲ ಕಂದು ಗುರುತು ಬಿದ್ದಿತ್ತು.

"ಮುಗೀತು ಕಣೇ" ಅಂತ ಅವನು ಗೋಡೆಗೆ ಒರಗಿ ಕೂತುಬಿಟ್ಟ.

"ಇಷ್ಟೊಂದು ಹೂವಿರೋ ಕಡೆ ಇನ್ನೊಂದು ಹೂವು ಯಾರ ಕಣ್ಣಿಗೆ ಬೀಳುತ್ತೆ? ಏಳ್ರೀ" ಅಂದಳು.

ಅಂಗಡಿಯಲ್ಲಿ ಆ ನೀಲಿ ಸಿಗಲಿಲ್ಲ. ಗೋಡೆಗೆ ಹೊಡೆದು ಮಿಕ್ಕ ಬಿಳಿ ಪೇಂಟು ಡಬ್ಬಿಯ ತಳದಲ್ಲಿತ್ತು. ಅದಕ್ಕೆ ಬಟ್ಟೆಗೆ ಹಾಕೋ ನೀಲಿ ಬೆರೆಸಿದಳು. ಚಿಂದಿಗೆ ಬಳಿದು ಒಣಗಿಸಿ ಮಡಚಿದರೆ ಬಣ್ಣ ಬಿರುಕು ಬಿಟ್ಟಿತು. ಓಡಿ ಬಂದು ನನ್ನ ಗ್ಲಿಸರಿನ್ ಕೇಳಿದಳು.

"ಒಡೆದ ಹಿಮ್ಮಡಿಗೆ ಏನು ಹಚ್ಕೊಳ್ಳಲೇ ನಾನು?"

"ಪೇಂಟು ಮಿಕ್ಕರೆ ಹಿಮ್ಮಡಿಗೂ ಒಂದು ಹೂವು ಬಿಡಿಸ್ತೀನಿ, ಕೊಡು ಅಜ್ಜಿ" ಅಂದಳು. ನಗುತ್ತಲೇ ಸೀಸೆ ಕಿತ್ತುಕೊಂಡು ಓಡಿದಳು.

ಹಸಿಯಿದ್ದಾಗ ಹೊಂದುತ್ತಿದ್ದ ನೀಲಿ ಒಣಗಿದ ಮೇಲೆ ಕಪ್ಪಿಡುತ್ತಿತ್ತು. ಮತ್ತೆ ಬಿಳಿ, ಮತ್ತೆ ಗ್ಲಿಸರಿನ್. ಮೂಲೆಯಲ್ಲಿ ಚಿಂದಿಯ ರಾಶಿಯೇ ಆಯಿತು. ಕಡೆಗೆ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಶಾಲಿನ ಮೇಲೆ ಒಂದೊಂದೇ ಎಸಳು ಇಟ್ಟಳು. ಪರೀಕ್ಷೆಗೆ ಅಂತ ಅದೇ ಬಣ್ಣದ ಹೂವೊಂದನ್ನು ಚಿಂದಿಯ ಮೇಲೂ ಬಿಡಿಸಿದಳು.

ಚೆನ್ನಾಗಿ ಬಿಸಿ ತಾಗಿದರೆ ಮಾತ್ರ ಆ ಬಣ್ಣ ನೀರಿಗೆ ನಿಲ್ಲುತ್ತಿತ್ತು. ಒಣಗಿದ ಮೇಲೆ ಶಾಲು, ಚಿಂದಿ ಎರಡನ್ನೂ ಗಂಡನ ಮುಂದಿಟ್ಟಳು.

"ತಿರುವಿ ಹಾಕಿ, ಮೇಲೊಂದು ಬಟ್ಟೆ ಹಾಸಿ, ಬಿಸಿಯಾಗಿ ಒತ್ತಿ."

"ನೀನೇ ಒತ್ತು. ನನ್ನ ಕೈ ನಂಬಬೇಡ."

"ನಿಮ್ಮ ಕೆಲಸ ನೀವು ಮಾಡ್ರೀ."

ತಾನು ನೋಡುತ್ತಿದ್ದರೆ ಅವನು ಅಳುಕುತ್ತಾನೆ ಅಂತ ಬೆನ್ನು ತಿರುಗಿಸಿ ನಿಂತಳು.

ಸಂಜೆ ಶಾಲು ಮೇಲಕ್ಕೆ ಹೋಯಿತು. ಕಾರ್ಯದರ್ಶಿ ಅಮ್ಮ ಗಮನಿಸದೆ ಒಳಗಿಟ್ಟುಕೊಂಡರು. ಗಂಜಿಯಕ್ಕ ಕೆಳಗೆ ಬಂದು, ಸಮಾಧಾನಕ್ಕೆ, ಆ ಚಿಂದಿಯನ್ನು ನೀರಿಗೆ ಅದ್ದಿದಳು. ಬಕೆಟಿನ ನೀರೆಲ್ಲ ನೀಲಿ.

"ಎಷ್ಟು ಬಿಸಿ ಇಟ್ಟಿದ್ರಿ?"

ಅವನು ತಲೆ ಎತ್ತಲಿಲ್ಲ. "ಸುಟ್ಟುಹೋದರೆ ಅಂತ ಹೆದರಿಕೆ ಆಯ್ತು ಕಣೇ. ಸ್ವಲ್ಪ ಬೆಚ್ಚಗೆ ಇಟ್ಟಿದ್ದೆ."

ಆ ಶಾಲು ಒಂದು ಸಲ ಒಗೆದರೆ ಸಾಕು, ಸುಟ್ಟಿದ್ದು, ಮುಚ್ಚಿದ್ದು ಎರಡೂ ಬಯಲಾಗುತ್ತೆ. "ನೀನೂ ಮೇಲಕ್ಕೆ ಬಾ ಅಜ್ಜಿ, ಒಬ್ಬಳೇ ಹೋದರೆ ನನಗೆ ಬಾಯಿ ಬರಲ್ಲ" ಅಂತ ನನ್ನ ಕೈ ಹಿಡಿದು ಎಳೆದಳು.

ಬಾಗಿಲು ತೆಗೆದವರಿಗೆ, "ಅಮ್ಮಾವ್ರೇ, ಆ ಶಾಲಿನಲ್ಲಿ ಒಂದು ಕಲೆ ಇದೆ" ಅಂದಳು.

"ಕಲೆನೇ ಅಲ್ವೇನೇ ಅದು, ಕೈಕಸುಬಿನವರು ಅಚ್ಚೊತ್ತಿ ಮಾಡಿದ್ದು" ಅಂತ ಆಯಮ್ಮ ಹೆಮ್ಮೆಪಟ್ಟುಕೊಂಡರು.

ಅಷ್ಟಕ್ಕೇ ಬಿಟ್ಟು ಇಳಿದು ಬರಬಹುದಿತ್ತು. ಅವಳು ನನ್ನ ಮುಖ ನೋಡಿದಳು. ಆಮೇಲೆ, "ಆ ಕಲೆ ಅಲ್ಲಮ್ಮಾವ್ರೇ. ಸುಟ್ಟ ಕಲೆ. ಮೇಲೆ ನಾನು ಹೂವು ಬರೆದೆ. ಒಗೆದರೆ ಹೋಗುತ್ತೆ" ಅಂದುಬಿಟ್ಟಳು.

ಅವರು ಶಾಲು ತಂದು, ತೋರಿಸಿದ ಜಾಗದಲ್ಲಿ ಎಂಜಲು ಬೆರಳಿನಿಂದ ಉಜ್ಜಿದರು. ಬೆರಳು ನೀಲಿಯಾಯಿತು. ಬೆರಳನ್ನೂ ಕಲೆಯನ್ನೂ ನೋಡಿ ಶಾಲು ಮಡಚಿದರು.

"ಜಾಗ ಇರಲಿ. ಬಂದು ಹೇಳಿದೆಯಲ್ಲ, ಅದಕ್ಕೆ. ಆದರೆ ನಿನ್ನ ಗಂಡ ಇನ್ನು ಇಸ್ತ್ರಿ ಮುಟ್ಟಕೂಡದು. ಮಾಡೋದಾದರೆ ನೀನು ಮಾಡು."

ಇಳಿಯುವಾಗ ಅವಳು ಎಲ್ಲ ತಿರುವಿನಲ್ಲೂ ನಿಂತಳು. ಗಂಡನಿಗೆ ಹೇಗೆ ಹೇಳೋದು ಅಂತ ಲೆಕ್ಕ ಹಾಕುತ್ತಿದ್ದಳು. ಕೆಳಗೆ ಅವನು ಮೇಜಿನ ಹಿಂದೆ ತನ್ನ ಜಾಗದಲ್ಲೇ ನಿಂತಿದ್ದ.

"ಜಾಗ ಉಳೀತು" ಅಂತ ಶುರುಮಾಡಿ ಉಳಿದದ್ದನ್ನೂ ಹೇಳಿದಳು.

ಅವನು ಇಸ್ತ್ರಿಪೆಟ್ಟಿಗೆಯ ಹಿಡಿಯನ್ನು ಅವಳ ಕಡೆ ತಿರುಗಿಸಿಟ್ಟ. ಮೇಜಿನ ಹಿಂದಿನಿಂದ ಈಚೆ ಬಂದ.

"ಹಾಗಾದರೆ ನಾನೆಲ್ಲಿ ನಿಂತ್ಕೊಳ್ಳಲಿ?" ಅಂದ.