ಹಾಲುಕ್ಕಿದ ಗಾಡಿ

ದಾವಣಗೆರೆ ಜಿಲ್ಲೆಯಾದ ಹೊಸತರಲ್ಲಿ ಸರಸ್ವತಿ ನಗರದ ಸಾಹುಕಾರರೊಬ್ಬರು, ಒಳಗೇ ಅಡುಗೆ ಮಾಡಿ ಮಲಗುವಂಥ ಹಳೇ ಗಾಡಿಯೊಂದನ್ನು ಕೊಂಡರು. ನಾನು ಅದರ ಡ್ರೈವರ್. ಸಂಡಾಸಿನ ಕೆಳಗಿದ್ದ ಟ್ಯಾಂಕನ್ನು ಖಾಲಿ ಮಾಡುವುದೂ ನನ್ನ ಕೆಲಸವೇ.

ಸಾಹುಕಾರರ ತಾಯಿ ಗಾಡಿ ಹತ್ತಿ ನೋಡಿ, "ಒಲೆ ಐತೆ ಅಂದ್ಮೇಲೆ ಇದು ಮನೇನೇ. ಹಾಲು ಉಕ್ಕಿಸದೆ ಯಾರೂ ಮಲಗಬ್ಯಾಡ್ರಿ" ಅಂದರು. ಧಾರಾಳವಾಗಿಯೇ ಉಕ್ಕಿಸಿದರು. ಚೆಲ್ಲಿದ್ದನ್ನೆಲ್ಲ ಬಳಿದು ಸಿಂಕಿಗೆ ಹಾಕಿ ನೀರು ಬಿಟ್ಟರು.

ಬೇಸಿಗೆ ಬೇರೆ. ನಾಲ್ಕೇ ದಿನಕ್ಕೆ ಒಳಗೆ ನಿಲ್ಲಲಾರದಷ್ಟು ನಾತ. "ಖಾಲಿ ಮಾಡೀನಿ ಅಂತ ಸುಳ್ಳು ಹೇಳ್ತೀಯೇನಪ್ಪಾ?" ಅಂದರು ಸಾಹುಕಾರರು. ಸಂಡಾಸಿನ ಟ್ಯಾಂಕನ್ನು ಎರಡು ಸಲ ಫಿನಾಯಿಲ್ ಹಾಕಿ ತೊಳೆದೆ. ನಾತ ಹೋಗಲಿಲ್ಲ. ಬೇರೆ ಡ್ರೈವರನ್ನು ನೋಡುತ್ತೇನೆ ಅನ್ನುವವರೆಗೂ ಮಾತು ಬಂತು.

ಕೊನೆಗೆ ಹರಿಹರದ ಹತ್ತಿರ ಗುತ್ತೂರಿನ ಮೆಕ್ಯಾನಿಕ್ ಒಬ್ಬನ ಬಳಿ ಒಯ್ದೆ. ಅವನು ಗಾಡಿಯ ಕೆಳಗೆ ಮಲಗಿ, "ಅಣ್ಣಾ, ಇಲ್ಲಿ ಎರಡು ಟ್ಯಾಂಕ್ ಅದಾವೆ. ಸಿಂಕಿನ ನೀರಿಗೆ ಬೇರೆ ಐತೆ ನೋಡ್ರಿ" ಅಂದು ಅದರ ಬಿರಡೆ ತೆಗೆದ. ಮೊದಲು ಬಿದ್ದದ್ದು ಗಟ್ಟಿ ಮೊಸರು. ಟ್ಯಾಂಕು ಬಿರುಕು ಬಿಟ್ಟಿತ್ತು, ಹೊಸದು ಹಾಕಿಸಿದೆ.

ವಾಪಸು ಬಂದು ಸಾಹುಕಾರರಿಗೆ ಎಲ್ಲ ಹೇಳಿದೆ. ಅವರು ತಾಯಿಯ ಮುಖ ನೋಡಿದರು. ಅಜ್ಜಿ ನನ್ನ ಕಡೆ ತಿರುಗಿ, "ಟ್ಯಾಂಕ್ ಹೊಸಾದು ಅಂದ್ರೆ ಮತ್ತೆ ಉಕ್ಕಿಸ್ಬೇಕಲ್ಲಪ್ಪಾ" ಅಂದು ಹಾಲು ತರಲು ಮನೆಯೊಳಗೆ ಹೋದರು.

ನಾನು ಗಾಡಿಯ ಕೆಳಗೆ ತೂರಿ, ಬಿರಡೆ ತೆಗೆದು, ಬಕೆಟ್ ಇಟ್ಟು ಬಂದೆ.