ಅವ್ವನ ರಿಕವರಿ

ನಾನು ಜಮಖಂಡಿಯಲ್ಲಿ ಕೂತು ಬನಹಟ್ಟಿಯ ಸೀರೆ ವ್ಯಾಪಾರಿಗಳಿಗೆ ಗ್ರಾಫ್ ಮಾಡಿಕೊಡುವವಳು. ಯಾವ ಬಣ್ಣದ ಸೀರೆ ಯಾವ ತಿಂಗಳು ಹೆಚ್ಚು ಹೋಯಿತು ಎಂಬ ಅಂಕಿಗಳನ್ನು ನಾನು ಬರೆದ ಕಂಪ್ಯೂಟರ್ ಕೋಡಿಗೆ ಕೊಟ್ಟರೆ, ಅದರೊಳಗಿನ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಂ ಅವನ್ನು ಎಲ್ಲೋ ದೂರದ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿಂದ ಗೆರೆ ಎಳೆದ ಚಿತ್ರ ಕ್ಷಣದಲ್ಲಿ ವಾಪಸು ಬರುತ್ತದೆ. ಇದನ್ನು ವಿವರಿಸಿದಾಗ ಮುಧೋಳದಲ್ಲಿದ್ದ ಅಪ್ಪ, ನಮ್ಮೂರ ಲೈಬ್ರರಿಯಲ್ಲಿ ಪೇಪರ್ ಓದುವವರೇ ಇಲ್ಲ, ಚಿತ್ರ ಯಾರು ಬರೆಯುತ್ತಾರೆ ಎಂದು ಕೇಳಿದ್ದ. ತಿಳಿದೂ ಕೇಳುವ ಚೇಷ್ಟೆಯ ಮನುಷ್ಯ.

ಅಪ್ಪ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದು ನಿವೃತ್ತನಾದವನು. ಅರೆದ ಕಬ್ಬಿನಿಂದ ಎಷ್ಟು ಸಕ್ಕರೆ ಕೈಗೆ ಬಂತು ಎಂಬುದಕ್ಕೆ ಅಲ್ಲಿ ರಿಕವರಿ ಎನ್ನುತ್ತಾರೆ. ಹಂಗಾಮಿನಲ್ಲಿ ನಮ್ಮ ಮನೆಯ ನಗು, ಸಿಟ್ಟು ಎಲ್ಲ ಅದರ ಮೇಲೆಯೇ ನಿಂತಿತ್ತು. ರಿಕವರಿ ಏರಿದ ದಿನ ಅಪ್ಪ ಸೈಕಲ್ ಇಳಿಯುವ ಮೊದಲೇ ಅವ್ವನನ್ನು ಕಾಡಿಸಲು ಶುರು ಮಾಡುತ್ತಿದ್ದ, ಎಲ್ಲರ ಬಾಯಿಗೂ ಒಂದು ಚೂರು ಬೆಲ್ಲ ಬೀಳುತ್ತಿತ್ತು. ಇಳಿದ ದಿನ ಮಾತಿಲ್ಲ, ಕತೆಯಿಲ್ಲ.

ಸಕ್ಕರೆ ಕಾಯಿಲೆ ಜೋರಾಗಿ ಅವ್ವ ಆಸ್ಪತ್ರೆ ಸೇರಿದಳು. ಮನೆಗೆ ಕಳಿಸುವಾಗ ಡಾಕ್ಟರು, ದಿನಾ ಬೆಳಿಗ್ಗೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿ, ರಿಕವರಿ ಹೇಗಿದೆ ತಿಳಿಸುತ್ತಿರಿ ಎಂದರು. ನಾನು ಸೀರೆಯ ಕೋಡನ್ನೇ ಅವ್ವನಿಗೆ ಹೊಂದಿಸಿದೆ. ಅಪ್ಪ ಮೀಟರ್ ನೋಡಿ ಅಂಕಿಯನ್ನು ಫೋನಿನಲ್ಲಿ ಒತ್ತಿದರೆ ಸಾಕು, ಗ್ರಾಫಿನ ಚಿತ್ರ ನಮ್ಮಿಬ್ಬರಿಗೂ ಬರುತ್ತಿತ್ತು. ಡಾಕ್ಟರ ಮಾತನ್ನೇ ಅದರ ನೆತ್ತಿಯ ಮೇಲೆ ಬರೆದೆ: ಅವ್ವನ ರಿಕವರಿ.

ಕೆಲವೇ ದಿನಗಳಲ್ಲಿ ಗೆರೆ ಏರತೊಡಗಿತು. ಗಾಬರಿಯಿಂದ ಫೋನ್ ಮಾಡಿದರೆ ಅತ್ತ ಅಪ್ಪ ಹಿಗ್ಗಿನಲ್ಲಿದ್ದ.

“ರಿಕವರಿ ಏರಾಕತ್ತೈತಿ ನೋಡ ಯವ್ವಾ. ನಿಮ್ಮವ್ವನ ಬಾಯಾಗ ಒಂದ ಚೂರ ಬೆಲ್ಲ ಹಾಕೇನಿ.”

ಸಕ್ಕರೆ ಕಾಯಿಲೆ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಬರೀ ಅಂಕಿ ನೋಡಿದ್ದರೆ ಹೆದರುತ್ತಿದ್ದನೇನೋ. ಆದರೆ ರಿಕವರಿ ಎಂಬ ಹೆಸರಿನ ಕೆಳಗೆ ಏರುವ ಗೆರೆ ಕಂಡರೆ ಅವನ ಕಣ್ಣು ಖುಷಿಪಡುವುದನ್ನಷ್ಟೇ ಕಲಿತಿತ್ತು. ನಾನು ರೇಗಿದೆ. ಗ್ರಾಫಿನ ನಡುವೆ ಒಂದು ಕೆಂಪು ಗೆರೆ ಹಾಕಿಸಿ, ಇದರ ಕೆಳಗಿದ್ದರೆ ಮಾತ್ರ ಒಳ್ಳೆಯದು ಎಂದು ಬಿಡಿಸಿ ಹೇಳಿದೆ. ಅವತ್ತಿನಿಂದ ಅಪ್ಪನ ಚೇಷ್ಟೆ ನಿಂತುಹೋಯಿತು.

ಗೆರೆ ಕೆಂಪಿನ ಕೆಳಗೆ ಇಳಿಯಲೇ ಇಲ್ಲ. ಬೇಸಿಗೆ ಮುಗಿಯುವುದರೊಳಗೆ ಅವ್ವ ಹೋದಳು. ಕಿಡ್ನಿ ಯಾವತ್ತೋ ಕೆಟ್ಟಿತ್ತು, ಒಂದು ಚೂರು ಬೆಲ್ಲದಿಂದ ಆದದ್ದಲ್ಲ ಎಂದು ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರು. ಅಪ್ಪ ತಲೆ ಆಡಿಸಿದ, ನಂಬಲಿಲ್ಲ. ದಿನಕರ್ಮಗಳು ಮುಗಿದರೂ ಚಹಾಕ್ಕೆ ಸಕ್ಕರೆ ಬೇಡವೆನ್ನುತ್ತಿದ್ದ. ನಾನೇ ನಂಬಿಸಬೇಕಿತ್ತು, ಆದರೆ ಆ ಮಾತು ತೆಗೆದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅವ್ವನನ್ನು ಕಳೆದುಕೊಂಡ ದುಃಖ ಒಂದು ಕಡೆ, ಅಪ್ಪ ಹೀಗೆ ತನ್ನೊಳಗೇ ಸುಡುತ್ತಿರುವ ಸಂಕಟ ಇನ್ನೊಂದು ಕಡೆ. ಪ್ರೋಗ್ರಾಂ ಅಳಿಸಬೇಕೆಂಬ ನೆನಪೇ ನನಗೆ ಇರಲಿಲ್ಲ.

ಜಮಖಂಡಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೆ, ಫೋನ್ ಸದ್ದು ಮಾಡಿತು. ಅವ್ವನ ರಿಕವರಿ. ಒಲೆ ಆರಿಸಿ ಚಿತ್ರ ತೆರೆದೆ. ಎಲ್ಲಕ್ಕಿಂತ ಕೊನೆಗೆ ಒಂದು ಹೊಸ ಚುಕ್ಕಿ ಇತ್ತು. ನಡುವಿನ ಖಾಲಿ ದಿನಗಳನ್ನು ಲೈಬ್ರರಿ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವ್ವನ ಕೊನೆಯ ಚುಕ್ಕಿಯಿಂದ ಹೊಸದಕ್ಕೆ ನೇರ ಗೆರೆ ಎಳೆದಿತ್ತು. ಆ ಗೆರೆ ಕೆಂಪನ್ನು ದಾಟಿ ಕೆಳಗೆ ಇಳಿದಿತ್ತು.

ಅಪ್ಪನಿಗೆ ಫೋನ್ ಮಾಡಿದೆ. ಡಬ್ಬಿಯಲ್ಲಿ ಮೀಟರಿನ ಸ್ಟ್ರಿಪ್ ಉಳಿದಿದ್ದವು, ಸುಮ್ಮನೆ ಕೆಡುತ್ತವೆ, ಅದಕ್ಕೆ ನನ್ನ ಬೆರಳನ್ನೇ ಚುಚ್ಚಿಕೊಂಡೆ ಎಂದ. ಆಮೇಲೆ ಕೇಳಿದ.

“ಕೆಂಪ ಗೆರಿ ಕೆಳಗ ಬಂದೈತಲ್ಲ ಯವ್ವಾ?”

“ಬಂದೈತಿ ಅಪ್ಪಾ.”

“ಹಂಗಾರ ನಿಮ್ಮವ್ವ ರಿಕವರಿ ಆದಳು.”

ಹೂಂ, ಆದಳು ಎಂದೆ. ಮರುದಿನವೂ ಚಿತ್ರ ಬಂತು, ಅದರ ಮರುದಿನವೂ. ಮೇಲಿನ ಹೆಸರನ್ನು ನಾನು ಬದಲಿಸಲಿಲ್ಲ. ಸ್ಟ್ರಿಪ್ ತೀರುವ ಹೊತ್ತಿಗೆ ಇನ್ನೊಂದು ಡಬ್ಬಿ ಕೊಂಡು ಮುಧೋಳದ ಬಸ್ ಹತ್ತಿದೆ.