ತಪ್ಪು ಸಾಲಿಗೆ ಬಿದ್ದ ಟ್ಯಾಗ್

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಸೆಂಟರೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಹೊರದೇಶದ ಪತ್ರಿಕೆಗಳ ಲೇಖನಗಳನ್ನು ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ರೂಪಕ್ಕೆ ತರುವುದು ನಮ್ಮ ಕೆಲಸ. ಶೀರ್ಷಿಕೆ, ಲೇಖಕರ ಹೆಸರು, ಪ್ಯಾರಾ, ಒಂದೊಂದಕ್ಕೂ ಇದು ಇಂಥದ್ದು ಎಂದು ಗುರುತಿಸುವ ಅದರದೇ ಟ್ಯಾಗ್ ಹಾಕಬೇಕು. ಮೌಸ್ ಎಳೆದು ಸೆಲೆಕ್ಟ್ ಮಾಡಿ ಒಂದು ಕೀ ಒತ್ತಿದರೆ ಸಾಕು, ಸೆಂಟರಿನ ಯಜಮಾನರೇ ಬರೆದ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಂ ಮಿಕ್ಕಿದ್ದನ್ನು ಮಾಡುತ್ತಿತ್ತು.

ಎಲ್ಲರಿಗೂ ಮಾಡುತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ನನ್ನ ಫೈಲುಗಳಲ್ಲಿ ಆಗಾಗ ಶೀರ್ಷಿಕೆಯ ಟ್ಯಾಗ್ ಹೋಗಿ ಕೆಳಗಿನ ಲೇಖಕರ ಹೆಸರಿಗೆ ಬೀಳುತ್ತಿತ್ತು. ನಾನು ಸೆಲೆಕ್ಟ್ ಮಾಡಿದ್ದು ಶೀರ್ಷಿಕೆಯನ್ನೇ, ಆಣೆ ಮಾಡಿ ಹೇಳುತ್ತೇನೆ. ಅಂದಮೇಲೆ ನಾನು ಊಟಕ್ಕೆ ಎದ್ದಾಗ ಯಾರೋ ಕೈಯಾಡಿಸುತ್ತಿರಬೇಕು. ಒಬ್ಬೊಬ್ಬರ ಮುಖವನ್ನೂ ಓರೆಗಣ್ಣಿನಿಂದ ನೋಡತೊಡಗಿದೆ.

ಯಜಮಾನರ ಗುಮಾನಿ ನನ್ನ ಮೇಲೆಯೇ.

"ಬೇಕೂಂತ ಮಾಡ್ತಿದ್ದೀಯೇನಮ್ಮ? ಇನ್ನೊಂದ್ಸಲ ಹಿಂಗಾದ್ರೆ ನಾಳೆಯಿಂದ ಬರ್ಬೇಡ" ಎಂದರು. ಆ ಕೆಲಸ ಹೋದರೆ ನಾನು ಮತ್ತೆ ಮನೆಯಲ್ಲಿ ರೇಷ್ಮೆಗೂಡು ಬೇಯಿಸುವ ಬಿಸಿನೀರಿಗೇ ಕೈ ಹಾಕಬೇಕಿತ್ತು. ನನಗೆ ನಿಜಕ್ಕೂ ಭಯವಾಯಿತು.

ಮಾರನೆಯ ದಿನ ಚಿಂತಾಮಣಿಯ ಹುಡುಗಿಯೊಬ್ಬಳನ್ನು ನನ್ನ ಪಕ್ಕಕ್ಕೆ ಕೂರಿಸಿ "ಚೂಸ್ತಾ ಉಂಡು" ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿ ಹೋದರು. ನೋಡ್ತಾ ಇರು ಅಂತ! ಮನೆಯಲ್ಲಿ ಉರ್ದು ಆಡುವವಳಿಗೆ ತೆಲುಗು ಎಲ್ಲಿಂದ ಬರಬೇಕು ಅಂದುಕೊಂಡಿದ್ದರೇನೋ. ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನದವರೆಗೂ ಆ ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ, "ಅಕ್ಕಾ, ನೀವ್ಯಾಕೆ ಯಾವಾಗ್ಲೂ ಬಲಗಡೆಯಿಂದ ಎಳೀತೀರಾ?" ಎಂದಳು.

ಹಾಗೆ ಎಳೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ನಾನು ಮೊದಲು ಓದಲು ಕಲಿತದ್ದು ಬಲದಿಂದ ಎಡಕ್ಕೆ ಓದುವ ಉರ್ದು. ಸಾಲು ಎಂದರೆ ನನ್ನ ಬೆರಳು ಬಲತುದಿಗೇ ಹೋಗುತ್ತದೆ. ಅವಳೂ ಹಾಗೇ ಎಳೆದು ಕೀ ಒತ್ತಿದಳು. ಟ್ಯಾಗ್ ಲೇಖಕರ ಹೆಸರಿಗೆ ಬಿತ್ತು! ಆ ಮ್ಯಾಕ್ರೊ ಏನನ್ನು ಸೆಲೆಕ್ಟ್ ಮಾಡಿದ್ದೇವೆಂದು ನೋಡುತ್ತಲೇ ಇರಲಿಲ್ಲ, ಮೌಸ್ ಮೊದಲು ಒತ್ತಿದ್ದೆಲ್ಲಿ ಎಂದಷ್ಟೇ ನೋಡುತ್ತಿತ್ತು. ಶೀರ್ಷಿಕೆಯ ಕೊನೆಯಲ್ಲಿ ಒಂದು ಕೂದಲೆಳೆ ಆಚೆ ಒತ್ತಿದರೂ ಅದರ ಲೆಕ್ಕದಲ್ಲಿ ನಾನು ಮುಂದಿನ ಸಾಲಿನಲ್ಲಿದ್ದೆ.

ಅವಳೇ ಹೋಗಿ ಯಜಮಾನರನ್ನು ಕರೆತಂದಳು. ಅವರು ನೋಡಿ, ತಲೆ ಕೆರೆದುಕೊಂಡು, "ಅಯ್ಯೋ, ಇದು ನನ್ದೇ ತಪ್ಪು ಕಣಮ್ಮ" ಎಂದು ನಕ್ಕರು. ಯಾವ ಕಡೆಯಿಂದ ಎಳೆದರೂ ಒಂದೇ ಆಗುವಂತೆ ಮ್ಯಾಕ್ರೊ ತಿದ್ದಿಕೊಟ್ಟರು. ನಾನೂ ನಕ್ಕೆ. ಅಂದಿನಿಂದ ಟ್ಯಾಗ್‌ಗಳು ಬೀಳಬೇಕಾದಲ್ಲೇ ಬಿದ್ದವು.

ವಾರ ಕಳೆದರೂ ಹುಡುಗಿ ನನ್ನ ಪಕ್ಕದಲ್ಲೇ ಕೂತಿದ್ದಳು.

"ಇನ್ನೂ ಇಲ್ಲೇ ಯಾಕೆ ಕೂತಿದ್ದೀಯಮ್ಮ?" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ.

"ಏಳು ಅಂತ ಅವ್ರು ಹೇಳಿಲ್ಲಕ್ಕ."